ಬರ್ಲಿನ್ನಿನ ಕಾಲಿಂಗ್ ಬೆಲ್ಲಿನಲ್ಲಿ ನಮ್ಮಪ್ಪ

ಲೋ ಕುಳ್ಳ,

ಫೋನ್ ಮಾಡಿದಾಗಲೆಲ್ಲ ನಾನು ಬರೀ "ಹೂಂ, ಹೂಂ" ಅಂತೀನಿ, ಹೊಸ ಊರು ಹೇಗಿದೆ ಅಂತ ಒಂದು ಮಾತೂ ಹೇಳಲ್ಲ ಅಂತ ದೂರಿದ್ದೆಯಲ್ಲ. ತಗೋ, ಪತ್ರ. ನಿನಗೊಬ್ಬನಿಗೇ ಬರೆಯುವುದು ಬಿಟ್ಟು ನಾಲ್ಕು ಜನ ಓದುವ ಹಾಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನಗೊಬ್ಬನಿಗೇ ಬರೆದರೆ ಎರಡನೇ ಸಾಲಿಗೇ "ಪೀಠಿಕೆ ಸಾಕು, ವಿಷಯಕ್ಕೆ ಬಾ" ಅಂತೀಯ. ನಾಲ್ಕು ಜನರೆದುರು ಹಾಗನ್ನುವಷ್ಟು ಒರಟ ನೀನಲ್ಲ, ಕೆಂಪು ಸ್ವೆಟರಿನ ದಿನ ಒಂದನ್ನು ಬಿಟ್ಟರೆ. ಉಳಿದವರೇ, ಕೆಂಪು ಸ್ವೆಟರ್ ಏನು ಅಂತ ಕೇಳಬೇಡಿ. ಅವನ ಮನೆಯವರೂ ಇದನ್ನು ಓದುತ್ತಾರೆ.

ವಿಷಯ ಆಮೇಲೆ. ಮೊದಲು ಊರು.

ಜರ್ಮನಿಯಲ್ಲಿ ಎಲ್ಲವೂ ನಿಮಿಷ ತಪ್ಪದೆ ನಡೆಯುತ್ತದೆ ಅಂತ ನಂಬಿಕೊಂಡು ವಿಮಾನ ಹತ್ತಿದವರು ನಾವು. ಇಳಿದ ನಿಲ್ದಾಣದ ಕಥೆ ಕೇಳಿದ್ದೇ ಆ ನಂಬಿಕೆ ಸಡಿಲವಾಯಿತು. 2011ರಲ್ಲಿ ತೆರೆಯಬೇಕಿದ್ದ ನಿಲ್ದಾಣವಂತೆ. ತೆರೆದದ್ದು 2020ರ ಅಕ್ಟೋಬರ್ 31ಕ್ಕೆ. ಬೆಂಕಿ ಬಿದ್ದರೆ ಹೊಗೆ ಹೊರಗೆ ಹೋಗುವ ವ್ಯವಸ್ಥೆ ಸರಿಯಿಲ್ಲ ಅಂತ ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದರು. ನಮ್ಮನ್ನು ಕರೆತಂದ ಟ್ಯಾಕ್ಸಿಯವನು ಇದನ್ನು ಹೇಳುವಾಗ ನಾಚಿಕೊಂಡ ಹಾಗೇನೂ ಕಾಣಲಿಲ್ಲ. "ಇದು ಬರ್ಲಿನ್. ನೀವು ಅಂದುಕೊಂಡಿರೋ ಜರ್ಮನಿಗೆ ಇನ್ನೂ ದೂರ ಹೋಗಬೇಕು" ಅಂದ.

ಮನೆ ಸಿಕ್ಕಿದ್ದು ನೊಯ್‌ಕೋಲ್ನ್ ಅನ್ನುವ ಕಡೆ, ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ಎತ್ತರದ ಸೂರು, ಮರದ ನೆಲ, ದೊಡ್ಡ ಕಿಟಕಿ. ನೋಡಿದೊಡನೆ ಇವಳಿಗೆ ಇಷ್ಟವಾಯಿತು. ಆಮೇಲೆ ಅಡುಗೆಮನೆಯ ಬಾಗಿಲು ತೆಗೆದೆವು. ಗೋಡೆಯಿಂದ ಈಚೆ ಬಂದ ಎರಡು ಪೈಪು ಬಿಟ್ಟರೆ ಒಳಗೆ ಏನೂ ಇಲ್ಲ. ಸಿಂಕ್ ಇಲ್ಲ, ಒಲೆ ಇಲ್ಲ, ಒಂದು ಗೂಡಿಲ್ಲ, ಬಲ್ಬ್ ಕೂಡ ಬಿಚ್ಚಿಕೊಂಡು ಹೋಗಿದ್ದಾರೆ. ಕಳ್ಳತನ ಆಗಿದೆ ಅಂತಲೇ ನಾನು ಓನರಿಗೆ ಫೋನ್ ಮಾಡಿದೆ. ಇಲ್ಲಿ ಬಾಡಿಗೆಯವರು ಮನೆ ಬಿಡುವಾಗ ಅಡುಗೆಮನೆಯನ್ನೂ ಕಳಚಿ ಒಯ್ಯುವುದು, ಇಲ್ಲವೇ ಮುಂದೆ ಬರುವವರಿಗೆ ಮಾರುವುದು ಮಾಮೂಲು, ಇಷ್ಟು ಗೊತ್ತಿಲ್ಲದೆ ಸಹಿ ಹಾಕಿದಿರಾ ಅಂತ ಆತ ನನ್ನನ್ನೇ ಕೇಳಿದ. ಅಡ್ವಾನ್ಸ್ ಅಂತ ಮೂರು ತಿಂಗಳ ಬಾಡಿಗೆ ಕೊಟ್ಟಿದ್ದಾಗಿತ್ತು. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಅಂತ ಇಲ್ಲಿನ ಕಾನೂನೇ ಇದೆ ಅನ್ನುವುದೊಂದೇ ಸಮಾಧಾನ. ಸಿಂಕ್ ಬರುವವರೆಗೆ ಪಾತ್ರೆಗಳನ್ನು ಸ್ನಾನದ ತೊಟ್ಟಿಯಲ್ಲಿ ತೊಳೆದೆವು. ಇಂಡಕ್ಷನ್ ಒಲೆಯನ್ನು ನೆಲಕ್ಕಿಟ್ಟು ಇವಳು ಅಡುಗೆ ಮಾಡುತ್ತಿದ್ದರೆ, ವಿಡಿಯೊ ಕಾಲ್‌ನಲ್ಲಿ ಕಂಡ ಅಮ್ಮ "ನೆಲದ ಮೇಲೆ ಅಡುಗೆ ಮಾಡೋಕೆ ಅಷ್ಟು ದೂರ ಹೋದ್ರಾ" ಅಂದಳು. ಉತ್ತರ ಕೊಡಲಾಗದ ಪ್ರಶ್ನೆಗಳನ್ನು ಅಮ್ಮ ವಿಡಿಯೊ ಕಾಲ್‌ಗೇ ಎತ್ತಿಟ್ಟುಕೊಂಡಿರುತ್ತಾಳೆ.

ಮನೆ ತುಂಬಿದ್ದು ಬೀದಿಯಿಂದ. ನಗಬೇಡ. ಇಲ್ಲಿ ಜನ ತಮಗೆ ಬೇಡವಾದ ಗಟ್ಟಿ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಬೇಕಾದವರು ಒಯ್ಯಿರಿ ಅಂತ ಚೀಟಿ ಅಂಟಿಸಿ ಫುಟ್‌ಪಾತಿನಲ್ಲಿ ಇಡುತ್ತಾರೆ. ಲೋಟ, ಪುಸ್ತಕ, ಮಕ್ಕಳ ಬೂಟು, ಕುರ್ಚಿ. ಇವಳಿಗೆ ಮೊದಮೊದಲು ಅದರ ಕಡೆ ತಿರುಗಿ ನೋಡಲೂ ಸಂಕೋಚ. ಒಂದು ರಾತ್ರಿ ಊಟವಾದ ಮೇಲೆ "ಸುಮ್ನೆ ಒಂದು ಸುತ್ತು ಹೋಗಿ ಬರೋಣ" ಅಂದಳು. ಬರುವಾಗ ಒಂದಾಳೆತ್ತರದ ದೀಪದ ಕಂಬ ನಮ್ಮ ಜೊತೆಗಿತ್ತು. ಆರಿಸಿದ್ದು ಇವಳು, ಹೊತ್ತದ್ದು ನಾನು. ಈಗ ಈ ಪತ್ರ ಬರೆಯುತ್ತಿರುವುದು ಅದರ ಬೆಳಕಿನಲ್ಲೇ, ಯಾಕೆಂದರೆ ಈ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಮನೆಗೆ ಹೋಗುತ್ತಾನೆ.

ಕಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದಕ್ಕೆ ನೀಲಿ ಡಬ್ಬ, ಅಡುಗೆ ಕಸಕ್ಕೆ ಕಂದು ಡಬ್ಬ, ಗಾಜಿನಲ್ಲಿ ಬಿಳಿ ಬೇರೆ ಬಣ್ಣದ್ದು ಬೇರೆ. ಭಾನುವಾರ ಗಾಜಿನ ಬಾಟಲಿ ಎಸೆಯಬಾರದು, ಸದ್ದಾಗುತ್ತದೆ. ಭಾನುವಾರ ಡ್ರಿಲ್ ಓಡಿಸಬಾರದು, ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರ ರಾತ್ರಿಯೊಳಗೆ ಹಾಲು ತರಲು ಮರೆತರೆ ಸೋಮವಾರದವರೆಗೆ ಕಪ್ಪು ಕಾಫಿ ಕುಡಿದು ತತ್ವಜ್ಞಾನಿಯಾಗಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿ ವಾಪಸು ಕೊಟ್ಟರೆ 25 ಸೆಂಟ್ ಬರುತ್ತದೆ. ಮಗಳು ಅದನ್ನೇ ಕಸುಬಾಗಿ ಹಿಡಿದಿದ್ದಾಳೆ. ಜನ ಎಷ್ಟೋ ಸಲ ಖಾಲಿ ಬಾಟಲಿಯನ್ನು ಡಬ್ಬದೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಆಯ್ದು ಹೊಟ್ಟೆ ಹೊರೆಯುವವರು ಕಸದೊಳಗೆ ಕೈಹಾಕುವಂತಾಗಬಾರದು ಅಂತ. ಅವು ನಿನ್ನ ಪಾಲಿನದಲ್ಲ ಅಂತ ಅವಳಿಗೆ ತಿಳಿಹೇಳುವುದರೊಳಗೆ ನನಗೆ ಸಾಕಾಯಿತು.

ಅವಳನ್ನು ಹೊಸದಾಗಿ ಬಂದ ಮಕ್ಕಳಿಗೆಂದೇ ಇರುವ ತರಗತಿಗೆ ಸೇರಿಸಿದ್ದಾರೆ. ಮೊದಲು ಭಾಷೆ, ಆಮೇಲೆ ಉಳಿದದ್ದು. ತರಗತಿಯಲ್ಲಿ ಯಾರಿಗೂ ಯಾರ ಮಾತೂ ಬರುವುದಿಲ್ಲ, ಆದರೂ ಜಗಳ ಆಡಿಕೊಂಡು ಬರುತ್ತಾಳೆ. ಹೇಗೆ ಅಂತ ಕೇಳಿದರೆ "ಕೈಯಲ್ಲಿ" ಅನ್ನುತ್ತಾಳೆ. ಈಗ ಒಬ್ಬಳೇ ನಡೆದು ಹೋಗುತ್ತಾಳೆ. ಅವಳ ವಯಸ್ಸಿನವರೆಲ್ಲ ಹಾಗೇ ಹೋಗುವುದು. ಬರ್ಲಿನ್ನಿನ ಶಾಲಾಮಕ್ಕಳಿಗೆ 2019ರಿಂದ ಬಸ್ಸು, ರೈಲು ಪುಕ್ಕಟೆ, ಹಾಗಾಗಿ ಊರು ನನಗಿಂತ ಅವಳಿಗೇ ಹೆಚ್ಚು ಗೊತ್ತು. ರಸ್ತೆ ದಾಟುವ ಸಿಗ್ನಲ್ಲಿನಲ್ಲಿ ಟೋಪಿ ಹಾಕಿಕೊಂಡ ಒಬ್ಬ ಪುಟ್ಟ ಮನುಷ್ಯ ಇದ್ದಾನೆ. ಪೂರ್ವ ಬರ್ಲಿನ್ನಿನಲ್ಲಿ 1961ರಲ್ಲಿ ಕಾರ್ಲ್ ಪೆಗ್ಲೌ ಅನ್ನುವವರು ರೂಪಿಸಿದ್ದು. ಪೂರ್ವ ಜರ್ಮನಿ ಅನ್ನುವ ದೇಶವೇ ಇಲ್ಲವಾಯಿತು, ಸಿಗ್ನಲ್ಲಿನ ಆಸಾಮಿ ಉಳಿದುಕೊಂಡ. ಮಗಳ ಬಾಯಲ್ಲಿ ಅವನು ಟೋಪಿ ತಾತ. ಟೋಪಿ ತಾತ ಕೆಂಪಗಿರುವಾಗ ನಾನು ದಾಟಿದರೆ, ಒಂದೂ ಕಾರಿಲ್ಲದ ರಸ್ತೆಯಲ್ಲಿ ನಿಂತು, ನನ್ನ ಪರಿಚಯವೇ ಇಲ್ಲದವಳ ಹಾಗೆ ಆಕಾಶ ನೋಡುತ್ತಾಳೆ.

ಸಂಜೆ ಹೊತ್ತು ಅವಳಿಗೆ ಸೈಕಲ್ ಕಲಿಸಲು ಹೋಗುವುದು ವಿಮಾನದ ರನ್‌ವೇಗೆ. ನಿಜವಾಗಲೂ. ನಮ್ಮ ಬೀದಿಯ ತುದಿಗೇ ಟೆಂಪೆಲ್‌ಹೋಫ್ ಇದೆ. 1948-49ರಲ್ಲಿ ಪಶ್ಚಿಮ ಬರ್ಲಿನ್ನಿಗೆ ದಾರಿಗಳೆಲ್ಲ ಮುಚ್ಚಿಹೋದಾಗ ಕಲ್ಲಿದ್ದಲು, ಹಿಟ್ಟು ಹೊತ್ತ ವಿಮಾನಗಳು ಒಂದರ ಹಿಂದೊಂದು ಇಳಿದ ಜಾಗ. 2008ರಲ್ಲಿ ನಿಲ್ದಾಣ ಮುಚ್ಚಿತು, 2010ರಲ್ಲಿ ಅದನ್ನು ಹಾಗೇ ಜನರಿಗೆ ಬಿಟ್ಟುಕೊಟ್ಟರು. ಅಂಚಿನಲ್ಲಿ ಮನೆ ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ 2014ರಲ್ಲಿ ಊರಿನವರು ಮತ ಹಾಕಿ ಬೇಡ ಅಂದರು. ಬಾಡಿಗೆಗೆ ಮನೆ ಸಿಗದೆ ಒದ್ದಾಡುವ ಊರಿನಲ್ಲಿ ಅಷ್ಟು ದೊಡ್ಡ ಬಯಲನ್ನು ಗಾಳಿಪಟಕ್ಕೆ ಬಿಟ್ಟವರ ಬುದ್ಧಿ ಸರಿಯೋ ತಪ್ಪೋ ನಾನು ಹೇಳಲಾರೆ. ಮಗಳ ಸೈಕಲ್ ನೇರವಾಗಿ ಓಡುತ್ತಿರುವುದಂತೂ ಅದರಿಂದಲೇ. ಅವಳಿಗೆ ತಿರುಗಿಸಲು ಇನ್ನೂ ಬರುವುದಿಲ್ಲ. ರನ್‌ವೇಯಲ್ಲಿ ಅದರ ಅಗತ್ಯವೂ ಬಿದ್ದಿಲ್ಲ.

ಈಗ ಹೆಸರಿನ ರಾಮಾಯಣ.

ಹೊಸ ಮನೆ ಸೇರಿದ ಎರಡು ವಾರದೊಳಗೆ ಸರ್ಕಾರಿ ಕಚೇರಿಗೆ ಹೋಗಿ, ಈ ವಿಳಾಸದಲ್ಲಿ ನಾವು ಇದ್ದೇವೆ ಅಂತ ಬರೆಸಬೇಕು. ಅದಿಲ್ಲದೆ ಯಾವ ಕೆಲಸವೂ ಮುಂದಕ್ಕೆ ಹೋಗುವುದಿಲ್ಲ. ಕೌಂಟರಿನಾಕೆ ನಮ್ಮ ಮೂರು ಪಾಸ್‌ಪೋರ್ಟುಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರು. ಮೂವರದೂ ಮೂರು ಬೇರೆ ಮನೆತನದ ಹೆಸರು. ನೀವು ಒಂದೇ ಕುಟುಂಬದವರಾ ಅಂತ ಮೆತ್ತಗೆ ಕೇಳಿದರು. ಬಿಡಿಸಿ ಹೇಳಿದೆ. ನನ್ನ ಹೆಸರಿನ ಕೊನೆಗೆ ಇರುವುದು ನಮ್ಮಪ್ಪ. ಇವಳ ಹೆಸರಿನ ಕೊನೆಗೆ ಇವಳಪ್ಪ. ಮಗಳ ಹೆಸರಿನ ಕೊನೆಗೆ ಅವಳಪ್ಪ, ಅಂದರೆ ನಾನು. ಊರಿನಲ್ಲಿ ಇದೆಲ್ಲ ಒಂದೊಂದು ಇನಿಷಿಯಲ್ ಆಗಿ ಮುಂದೆ ತೆಪ್ಪಗೆ ಕೂತಿರುತ್ತದೆ, ಪಾಸ್‌ಪೋರ್ಟಿನವರು ಬಿಡಿಸಿ ಬರೆಯಿರಿ ಅಂದದ್ದಕ್ಕೆ ಮೂವರು ಅಪ್ಪಂದಿರು ಎದ್ದು ಬಂದಿದ್ದಾರೆ. ಆಕೆ ಒಂದು ಹಾಳೆ ತೆಗೆದು ವಂಶವೃಕ್ಷ ಬರೆದುಕೊಂಡು, ಬಾಣದ ಗುರುತು ಹಾಕಿ, ಸ್ವಲ್ಪ ಹೊತ್ತು ನೋಡಿ "ತರ್ಕ ಸರಿಯಿದೆ" ಅಂದರು. ಜರ್ಮನಿಯಲ್ಲಿ ನನಗೆ ಸಿಕ್ಕ ಮೊದಲ ಶಹಬ್ಬಾಸ್.

ಇಷ್ಟಕ್ಕೇ ಮುಗಿಯಲಿಲ್ಲ. ಇಲ್ಲಿ ಫ್ಲ್ಯಾಟಿಗೆ ನಂಬರ್ ಇರುವುದಿಲ್ಲ ಕಣೋ. ಕಟ್ಟಡಕ್ಕೆ ಒಂದು ನಂಬರ್, ಆಮೇಲೆ ಕೆಳಗೆ ಬಾಗಿಲ ಪಕ್ಕದ ಬೆಲ್ಲಿನ ಮೇಲೆ ಹೆಸರು, ಲೆಟರ್ ಬಾಕ್ಸಿನ ಮೇಲೆ ಹೆಸರು. ಲಕೋಟೆಯ ಮೇಲಿನ ಹೆಸರು ಬಾಕ್ಸಿನ ಮೇಲೆ ಇಲ್ಲದಿದ್ದರೆ ಕಾಗದ ವಾಪಸು. ಬೆಲ್ಲಿನ ಪಟ್ಟಿಯಲ್ಲಿ ಒಂದೇ ಹೆಸರಿಗೆ ಜಾಗ. ಓನರು ಬಾಡಿಗೆ ಕರಾರಿನಲ್ಲಿ ಮೊದಲು ಕಂಡ ಹೆಸರನ್ನು ಅಚ್ಚು ಹಾಕಿಸಿದರು. ಹಾಗೆ ಬರ್ಲಿನ್ನಿನ ಒಂದು ಹಳೇ ಕಟ್ಟಡದ ಮೂರನೇ ಮಹಡಿಗೆ ನಮ್ಮಪ್ಪನ ಹೆಸರು ಬಂತು. ಇವಳ ಕಾಗದಗಳು ಬರಲಿ ಅಂತ ಲೆಟರ್ ಬಾಕ್ಸಿಗೆ ನಮ್ಮ ಮಾವನ ಹೆಸರಿನ ಚೀಟಿ ಅಂಟಿಸಿದೆವು. ಅದರ ಕೆಳಗೆ ಮಗಳು ಕ್ರೆಯಾನಿನಲ್ಲಿ ತನ್ನ ಹೆಸರು ಗೀಚಿದಳು. ನನ್ನ ಹೆಸರು ಎಲ್ಲೂ ಇಲ್ಲ.

ಅಪ್ಪ ಅಂಚೆ ಇಲಾಖೆಯಲ್ಲಿ ಜೀವ ಸವೆಸಿದವರು ಅಂತ ನಿನಗೆ ಹೇಳಬೇಕಿಲ್ಲ, ನಾಲ್ಕು ಜನರಿಗೆ ಹೇಳುತ್ತಿದ್ದೇನೆ. ಫೋನಿನಲ್ಲಿ ನನ್ನ ಜೊತೆ ಅವರು ಒಂದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ. ಊಟ ಆಯ್ತಾ, ಚಳಿ ಇದೆಯಾ, ಸರಿ ಅಮ್ಮನಿಗೆ ಕೊಡ್ತೀನಿ. ಈ ಬೆಲ್ಲಿನ ವಿಷಯ ಹೇಳಿದ ದಿನ ಮಾತ್ರ ಫೋನು ಬಿಡಲೇ ಇಲ್ಲ.

"ಡೋರ್ ನಂಬರ್ ಇಲ್ಲ ಅಂದ್ರೆ ಪೋಸ್ಟ್‌ಮ್ಯಾನ್ ಏನು ಮಾಡ್ತಾನೆ?"

"ಹೆಸರು ನೋಡ್ತಾನೆ ಅಪ್ಪ."

"ಒಂದೇ ಹೆಸರಿನೋರು ಇಬ್ಬರಿದ್ರೆ?"

"ಗೊತ್ತಿಲ್ಲ."

"ವಿಚಾರಿಸು. ಮತ್ತೆ ನೀನು ಕಳಿಸಿದ ಅಡ್ರೆಸ್ಸಲ್ಲಿ ಪಿನ್ ತಪ್ಪಿದೆ. ಐದೇ ಅಂಕಿ ಬರೆದಿದ್ದೀಯ."

ಇಲ್ಲಿ ಇರುವುದೇ ಐದು ಅಂತ ಹೇಳಿದರೆ ನಂಬಲಿಲ್ಲ. ನಮ್ಮ ಆರಂಕಿ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಅಷ್ಟು ದೊಡ್ಡ ದೇಶಕ್ಕೆ ಅಷ್ಟು ಬೇಕು ಅಂದರು. ನಾನೂ ಹುಡುಕಿ ಓದಿ ಹೇಳಿದೆ: ಪೂರ್ವ, ಪಶ್ಚಿಮ ಎರಡೂ ಜರ್ಮನಿಗಳಲ್ಲಿ ಮೊದಲು ನಾಲ್ಕೇ ಅಂಕಿ ಇದ್ದವು. ದೇಶ ಒಂದಾದ ಮೇಲೆ ಒಂದೇ ನಂಬರ್ ಎರಡೆರಡು ಊರಿಗೆ ಬಂದು ಗೊಂದಲವಾಯಿತು. 1993ರ ಜುಲೈ 1ರಿಂದ ಎಲ್ಲಕ್ಕೂ ಹೊಸದಾಗಿ ಐದು ಅಂಕಿ ಕೊಟ್ಟರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವರ್ಷ ಸಾರ್ಟಿಂಗಿನಲ್ಲಿ ಇದ್ದೋರ ಪಾಡು ನೆನೆಸ್ಕೋ" ಅಂದರು. ಅವರ ದನಿಯಲ್ಲಿ ಅಂಥ ಕನಿಕರ ನನಗಾಗಿ ಎಂದೂ ಬಂದದ್ದಿಲ್ಲ. ಆ ಜರ್ಮನ್ ಅಂಚೆ ಗುಮಾಸ್ತರ ಮೇಲೆ ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ಆಫೀಸಿನ ಕಾಗದ, ಬ್ಯಾಂಕು, ಡಾಕ್ಟರು, ಎಲ್ಲ ಕಡೆಯೂ ನನ್ನನ್ನು ಕರೆಯುವುದು ಅಪ್ಪನ ಹೆಸರಿನಿಂದ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನರ್ಸ್ ಬಂದು ಅವರ ಹೆಸರು ಕೂಗಿದಾಗ ನಾನು ಮೊದಲು ಬಾಗಿಲ ಕಡೆ ನೋಡುತ್ತೇನೆ. ಅಪ್ಪ ಬಂದಿದ್ದಾರೇನೋ ಅಂತ. ಆಮೇಲೆ ಏಳುತ್ತೇನೆ.

ಸರಿ ಕುಳ್ಳ. ಪೀಠಿಕೆ ಮುಗೀತು ಅಂತ ನಿನಗೆ ಗೊತ್ತಾಗಿದೆ.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಊರು ನೆನಪಾಗುತ್ತಾ? ನಾನು "ತುಂಬಾ" ಅಂತೀನಿ. ಕೇಳಿದವರಿಗೆ ಖುಷಿಯಾಗುತ್ತದೆ. ಇವಳಿಗೆ ನಿಜವಾಗಿಯೂ ನೆನಪಾಗುತ್ತದೆ. ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಇವಳು ಬಂದರೆ ಕಾರಿಡಾರ್ ಖಾಲಿಯಾಗುತ್ತಿತ್ತು. ಇಲ್ಲಿ ಭಾಷೆಯ ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು "ನನ್ನ ಹತ್ತಿರ ಒಂದು ಸೇಬು ಇದೆ" ಅಂತ ಬರೆಯುತ್ತಾಳೆ. ಕೆಲವು ಭಾನುವಾರ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ನನಗೆ ಕೇಳಿಸುತ್ತದೆ ಅಂತಲೂ ಅವಳಿಗೆ ಗೊತ್ತು. ನನಗೆ ಮಾತ್ರ ಏನೂ ಆಗುತ್ತಿಲ್ಲ. ನಾನು ಇಲ್ಲಿ ನಿದ್ದೆ ಮಾಡುತ್ತಿದ್ದೇನೆ. ಮಲಗಿದೊಡನೆ ನಿದ್ದೆ. ಅಲ್ಲಿ ಕೊನೆಯ ಕೆಲವು ವರ್ಷ ನಾನು ಹಾಗೆ ಮಲಗಿದ್ದೇ ಇಲ್ಲ.

ಊರಿನಲ್ಲೇ ಉಳಿದ ಮಗ ನಾನು. "ನಮ್ಮವನು ಎಲ್ಲೂ ಹೋಗಲಿಲ್ಲ, ಇಲ್ಲೇ ಇದ್ದಾನೆ" ಅಂತ ಅಪ್ಪ ಮದುವೆ ಮನೆಗಳಲ್ಲಿ ಹೇಳುವುದನ್ನು ನೀನೂ ಕೇಳಿದ್ದೀಯ. ಬೇರೆಯವರ ಮಕ್ಕಳ ಅಮೆರಿಕದ ಫೋಟೊಗಳ ಎದುರು ಅವರ ಬಳಿ ಇದ್ದ ಒಂದೇ ಎಲೆ ಅದು, ಪ್ರತಿ ಸಲವೂ ಎಸೆಯುತ್ತಿದ್ದರು. ಅಮ್ಮನ ಕಣ್ಣಿನ ಆಪರೇಷನ್, ಚಿಕ್ಕಪ್ಪನ ಜಮೀನಿನ ಜಗಳ, ಗ್ಯಾಸಿನ ಸಬ್ಸಿಡಿ, ಯಾರದೋ ಮಗನಿಗೆ ಯಾರಿಗೋ ಹೇಳಿ ಒಂದು ಸೀಟು. ನವೆಂಬರ್ ಬಂದರೆ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಾವು ಬದುಕಿದ್ದೇವೆ ಅಂತ ತೋರಿಸಲು ನನ್ನ ಗಾಡಿಯ ಹಿಂದೆ ಕೂತು ಹೊರಡುತ್ತಿದ್ದರು. ಇದನ್ನೆಲ್ಲ ಗೊಣಗದೆ ಮಾಡಿದೆ. ಒಳ್ಳೆಯವನು ಅನ್ನಿಸಿಕೊಂಡೆ. ಇಲ್ಲಿ ಬಂದ ಮೇಲೆ ಒಂದು ಸಂಜೆ ರಸ್ತೆಯಲ್ಲಿ ಸುಮ್ಮನೆ ನಡೆಯುವಾಗ ಹೊಳೆಯಿತು: ಈ ಊರಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮೂವತ್ತೈದು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಒಬ್ಬರಿಗೂ ನಾನು ಯಾರ ಮಗ ಅಂತ ಗೊತ್ತಿಲ್ಲ. ಬೆಲ್ಲಿನ ಮೇಲೆ ಬರೆದಿದ್ದರೂ ಗೊತ್ತಿಲ್ಲ! ಆ ಸಂತೋಷಕ್ಕೆ ನಾನು ಎರಡು ಬೀದಿ ಹೆಚ್ಚು ನಡೆದೆ.

ನವೆಂಬರ್ 9ರ ಸಂಜೆ ಕೆಳಗಿಳಿದಾಗ ಪಕ್ಕದ ಮನೆಯ ವಯಸ್ಸಾದ ಹೆಂಗಸು ಬಾಗಿಲ ಮುಂದೆ ಮಂಡಿಯೂರಿ ಫುಟ್‌ಪಾತ್ ಉಜ್ಜುತ್ತಿದ್ದರು. ಬೀದಿಕಲ್ಲುಗಳ ನಡುವೆ ಹತ್ತು ಸೆಂಟಿಮೀಟರಿನ ಚೌಕದ ಹಿತ್ತಾಳೆ ಫಲಕಗಳಿವೆ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ ಶುರು ಮಾಡಿದ ಕೆಲಸ, ಈಗ ಯುರೋಪಿನ ಎಷ್ಟೋ ದೇಶಗಳಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಇವೆ. ಇಲ್ಲಿ ವಾಸವಿದ್ದರು ಅಂತ ಶುರುವಾಗುತ್ತದೆ. ಆಮೇಲೆ ಹೆಸರು, ಹುಟ್ಟಿದ ವರ್ಷ, ನಾಜಿಗಳು ಎಳೆದೊಯ್ದ ದಿನ, ಕೊಂದ ಜಾಗ. 1938ರ ಅದೇ ರಾತ್ರಿ ಯೆಹೂದಿಗಳ ಮನೆ, ಅಂಗಡಿ, ಪ್ರಾರ್ಥನಾಮಂದಿರಗಳ ಮೇಲೆ ಬಿದ್ದರಲ್ಲ, ಅದರ ನೆನಪಿಗೆ ಪ್ರತಿ ವರ್ಷ ಆ ದಿನ ಜನ ತಮ್ಮ ಬೀದಿಯ ಫಲಕಗಳನ್ನು ತಿಕ್ಕಿ, ಮೇಣದಬತ್ತಿ ಹಚ್ಚಿಡುತ್ತಾರೆ. ಬರ್ಲಿನ್ ಗೋಡೆ ತೆರೆದದ್ದೂ ಅದೇ ತಾರೀಖು, 1989. ಮಗಳು ಅವರ ಪಕ್ಕ ಕೂತು ಇನ್ನೊಂದು ಬಟ್ಟೆ ತಗೊಂಡು ಉಜ್ಜಿದಳು. ಹೊಸದಾಗಿ ಕಲಿತ ಓದಿನಲ್ಲಿ ಹೆಸರುಗಳನ್ನು ಕೂಡಿಸಿ ಕೂಡಿಸಿ ಓದಿದಳು. ಎದ್ದು ಬಂದು ಬೆಲ್ಲಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಪ್ಪ, ಇವರ ಬೆಲ್ ಯಾವುದಿತ್ತು?" ಅಂದಳು.

ನಾನು ಏನೂ ಹೇಳಲಿಲ್ಲ. ಚಳಿ, ಒಳಗೆ ಬಾ ಅಂದೆ.

ಅದಾದ ಮೇಲೆ ಅಕ್ಕನ ಫೋನು. ಆಫೀಸ್ ಮುಗಿಸಿ ರಿಂಗ್ ರೈಲಿನಲ್ಲಿದ್ದೆ. ಊರನ್ನು ಉಂಗುರದ ಹಾಗೆ ಸುತ್ತುವ ರೈಲು, 37 ಕಿಲೋಮೀಟರ್, ಒಂದು ಸುತ್ತಿಗೆ ಒಂದು ಗಂಟೆ. ಅಲ್ಲಿ ಆಗಲೇ ರಾತ್ರಿ. ಚಳಿಗಾಲಕ್ಕೆ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನಾಲ್ಕೂವರೆ ಗಂಟೆ ಅಂತರ. ಬೆಳಗ್ಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟದ ಮೂಳೆ, ಆಪರೇಷನ್ ಮುಗಿದಿದೆ, ಈಗ ಪರವಾಗಿಲ್ಲ. ಮುಗಿದ ಮೇಲೆ ಹೇಳೋಣ ಅಂತ ಕಾದೆ ಅಂದಳು. ನಾನು "ಟಿಕೆಟ್ ಮಾಡಿಸ್ಲಾ?" ಅಂದೆ.

ನಿನಗೆ ನನ್ನ ದನಿ ಗೊತ್ತು. ಬೇಡ ಅನ್ನಿಸುವ ಹಾಗೆ ಕೇಳಿದೆ. "ಬೇಡ ಬಿಡು, ಬಂದು ಏನು ಮಾಡ್ತೀಯ, ಭಾವ ಇದ್ದಾರೆ" ಅಂದಳು. ಫೋನು ಇಟ್ಟೆ. ನನಗೆ ಮೊದಲು ಅನಿಸಿದ್ದು ಏನು ಗೊತ್ತಾ? ಸದ್ಯ, ಅಲ್ಲಿ ನಾನಿಲ್ಲ. ಅಪ್ಪನ ನೋವು ಆಮೇಲೆ ಬಂತು. ಮೊದಲು ಬಂದದ್ದು ಸ್ಟ್ರೆಚರ್, ಅಡ್ವಾನ್ಸ್ ಕಟ್ಟುವ ಸಾಲು, ಹೊರಗೆ ನಿಂತ ನೆಂಟರಿಗೆ ಒಬ್ಬೊಬ್ಬರಿಗೂ ಮೊದಲಿಂದ ಹೇಳುವ ಕಥೆ, ಇದ್ಯಾವುದೂ ಈ ಸಲ ನನ್ನ ಪಾಲಿಗಿಲ್ಲ ಅನ್ನುವ ಹಗುರ. ಹೆರ್ಮಾನ್‌ಸ್ಟ್ರಾಸೆ ಬಂತು, ಬಾಗಿಲು ತೆರೆಯಿತು, ನಾನು ಇಳಿಯಲಿಲ್ಲ. ಈ ಮುಖ ಇಟ್ಟುಕೊಂಡು ಮನೆಗೆ ಹೋಗಿ ಇವಳಿಗೆ ಏನಂತ ಹೇಳಲಿ. ಟೆಂಪೆಲ್‌ಹೋಫ್, ವೆಸ್ಟೆಂಡ್, ಕತ್ತಲಲ್ಲಿ ವೆಸ್ಟ್‌ಹಾಫೆನ್, ಮತ್ತೆ ಪೂರ್ವಕ್ಕೆ ಓಸ್ಟ್‌ಕ್ರೊಯ್ಟ್ಸ್. ಇಡೀ ಬರ್ಲಿನ್ ಸುತ್ತಿ ಹತ್ತಿದಲ್ಲಿಗೇ ಬಂದೆ. ಹಗುರ ಹಾಗೇ ಇತ್ತು. ಇವಳು ಅಕ್ಕನ ಜೊತೆ ಮಾತಾಡಿ ಅತ್ತಳು. ನಾನು ಚೆನ್ನಾಗಿ ಊಟ ಮಾಡಿದೆ. ಆ ರಾತ್ರಿಯೂ ನಿದ್ದೆ ಬಂತು, ಕುಳ್ಳ.

ಮಾರನೇ ದಿನ ಅಕ್ಕ ಹೇಳಿದಳು. ಅಪ್ಪನನ್ನು ಆಟೊಗೆ ಎತ್ತಿ ಹಾಕಿದ್ದು ನೀನು. ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಪೇಪರ್ ಹಾಸಿಕೊಂಡು ಮಲಗಿದ್ದು ನೀನು. ಅದಕ್ಕೂ ಮೊದಲು ಲೈಫ್ ಸರ್ಟಿಫಿಕೇಟಿಗೆ ಕರೆದುಕೊಂಡು ಹೋದದ್ದೂ ನೀನೇ ಅಂತೆ. ನೀನು ನನಗೆ ಆ ವಾರ ಕಳಿಸಿದ ಒಂದೇ ಮೆಸೇಜು ಕ್ರಿಕೆಟ್ಟಿನದು. ಹೇಳಲಿಲ್ಲ. ನಾನೂ ಕೇಳಲಿಲ್ಲ. ಥ್ಯಾಂಕ್ಸ್ ಅಂದರೆ ನೀನು ಬಯ್ಯುತ್ತೀಯ ಅಂತ ಸುಮ್ಮನಿದ್ದೇನೆ ಅಂದುಕೊಂಡಿದ್ದೆ, ಆದರೆ ಅದಲ್ಲ. ಕೇಳಿದರೆ ನೀನು ಹೇಳುತ್ತೀಯ. ಅಪ್ಪ ನೋವಿನಲ್ಲಿ ಯಾರನ್ನು ಕೂಗಿದರು ಅಂತ ಹೇಳುತ್ತೀಯ. ನನಗೆ ಅದು ಬೇಡ. ಅಥವಾ ಅವರು ನನ್ನ ಹೆಸರು ಎತ್ತಲೇ ಇಲ್ಲ, ನಿನ್ನ ಕೈ ಹಿಡಿದುಕೊಂಡು ಆರಾಮಾಗಿದ್ದರು ಅಂತ ಹೇಳುತ್ತೀಯ. ಅದು ಇನ್ನೂ ಬೇಡ.

ಅಯ್ಯೋ. ನಾಲ್ಕು ಜನ ಇದ್ದಾರೆ ಅನ್ನುವುದೇ ಮರೆತುಹೋಯಿತು. ಅಕ್ಕ, ನೀನು ಓದುತ್ತಿದ್ದರೆ ಸೈಕಲ್‌ವರೆಗೆ ಓದಿ ನಿಲ್ಲಿಸಿಬಿಡು, ಉಳಿದದ್ದು ಸಾಹಿತ್ಯ. ಉಳಿದವರೇ, ಗಾಬರಿಯಾಗಬೇಡಿ. ಅಪ್ಪ ವಾಕರ್ ಹಿಡಿದು ಓಡಾಡುತ್ತಿದ್ದಾರೆ. ವಾಕರಿನ ರಬ್ಬರ್ ಬುರುಡೆ ಕಳಪೆ ಅಂತ ಅಂಗಡಿಯವನಿಗೆ ಕಾಗದ ಬರೆದಿದ್ದಾರಂತೆ. ಅಂಗಡಿ ಎದುರು ರಸ್ತೆಯಲ್ಲೇ ಇದೆ. ರಿಜಿಸ್ಟರ್ಡ್ ಪೋಸ್ಟ್ ಮಾಡಿಸಲು ಹೊರಟಿದ್ದರಂತೆ. ಕುಳ್ಳ, ಮಾಡಿಸಿದ್ದು ನೀನಾ?

ನಿನಗೆ ಇನ್ನೊಂದು ಖುಷಿಯ ಸುದ್ದಿ. ಬರ್ಲಿನ್ನಿನಲ್ಲಿ ಅಪ್ಪನ ಹೆಸರಿಗೆ ಬಂದ ಮೊದಲ ಕಾಗದ ಏನು ಗೊತ್ತಾ? ಟಿವಿ, ರೇಡಿಯೊ ಶುಲ್ಕದ ಬಿಲ್ಲು. ತಿಂಗಳಿಗೆ 18.36 ಯೂರೊ. ನಮ್ಮ ಮನೆಯಲ್ಲಿ ಟಿವಿಯೂ ಇಲ್ಲ, ರೇಡಿಯೊವೂ ಇಲ್ಲ. ಇಲ್ಲದಿದ್ದರೂ ಮನೆಗಿಷ್ಟು ಅಂತ ಕಟ್ಟಲೇಬೇಕು. ಲಕೋಟೆಯ ಫೋಟೊ ಅಪ್ಪನಿಗೆ ಕಳಿಸಿದೆ. ಬಿಲ್ಲಿನ ಬಗ್ಗೆ ಒಂದು ಮಾತಿಲ್ಲ. ಮುದ್ರೆ ಸ್ಪಷ್ಟವಾಗಿ ಬಿದ್ದಿದೆ ಅಂತ ಮೆಚ್ಚಿಕೊಂಡರು.

ಆಟೊ, ಪೇಪರು, ಕ್ಯಾಂಟೀನ್ ಕಾಫಿ, ಎಲ್ಲ ನನ್ನ ಹಳೇ ಲೆಕ್ಕಕ್ಕೆ ಸೇರಿಸು. ಆ ಲೆಕ್ಕ ಯಾವತ್ತೂ ತೀರುವುದಿಲ್ಲ ಅಂತ ಮೂರನೇ ಬೆಂಚಿನಲ್ಲೇ ತೀರ್ಮಾನವಾಗಿದೆ. ಬೇಸಿಗೆ ರಜೆಗೆ ಬರುತ್ತೇವೆ. ಟಿಕೆಟ್ ಮಾಡಿಸಿದ್ದೇನೆ, ಈ ಸಲ ಯಾರನ್ನೂ ಕೇಳಲಿಲ್ಲ. ಬಂದಾಗ ಕೇಳುತ್ತೇನೆ, ಆಗ ಹೇಳು. ಫೋನಿನಲ್ಲಿ ಬೇಡ, ಫೋನಿನಲ್ಲಿ ನಾನು ಬರೀ ಹೂಂ ಅಂತೀನಿ.

ಇಂತಿ,
ನಿನ್ನ ಉದ್ದ

ವಿ.ಸೂ.: ಇವಳು ಓದಿದಳು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ದೀಪದ ಕಂಬವನ್ನು ಅರ್ಧ ದಾರಿಯಿಂದ ಹೊತ್ತದ್ದು ತಾನು, ನಾನು ಬಲ್ಬ್ ಮಾತ್ರ ಹಿಡಿದುಕೊಂಡಿದ್ದೆ, ಅದನ್ನು ತಿದ್ದು ಅಂದಳು. ತಿದ್ದುತ್ತಿಲ್ಲ.